ಹಣೆಪಟ್ಟಿ ಕಳೆದ ಕಿಟಕಿ

ಕಂಪ್ಯೂಟರಿನ ಪರದೆಯಲ್ಲಿ ಹಸಿರು ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಅದರ ಸುತ್ತ ಇರಬೇಕಾದದ್ದು ಯಾವುದೂ ಇರಲಿಲ್ಲ. ಮೇಲುಗಡೆ ನೀಲಿಯ ಹಣೆಪಟ್ಟಿ, ಅದರ ಬಲತುದಿಯಲ್ಲಿ ಮುಚ್ಚಲು ಒತ್ತುವ ಕೆಂಪು ಗುರುತು, ಅದರ ಕೆಳಗೆ ಪದಗಳದೊಂದು ಸಾಲು, ಇನ್ನೂ ಕೆಳಗೆ ಕಡತಗಳಿಂದ ಇಣುಕುವ ಚೀಟಿಗಳಂಥ ನಾಲ್ಕು ಪಟ್ಟಿಗಳು ಇರಬೇಕಿತ್ತು. ನಿನ್ನೆ ಮಧ್ಯಾಹ್ನ ಎರಡೂವರೆಯವರೆಗೆ ಇದ್ದವು. ಈಗ ಇರುವುದು ಬೂದು ಬಣ್ಣದ ಬೋಳು ಅಂಚು, ಅಂಚಿನ ನಡುವೆ ಕಪ್ಪು ಚೌಕ, ಚೌಕದೊಳಗೆ ಈ ಗೆರೆ. ಪ್ರವಿತೊ ಮೂರು ಗುಂಡಿಗಳನ್ನು ಮತ್ತೆ ಒಟ್ಟಿಗೆ ಒತ್ತಿದ. ಕಿಟಕಿ ಹಾಗೇ ಇತ್ತು. ಮುಚ್ಚೋಣವೆಂದರೆ ಕೆಂಪು ಗುರುತಿಲ್ಲ, ಸರಿಸೋಣವೆಂದರೆ ಹಿಡಿಯಲು ಹಣೆಪಟ್ಟಿಯಿಲ್ಲ. ಪರದೆಯ ಪಕ್ಕದಲ್ಲಿ, ಇದನ್ನೆಲ್ಲ ಕಲಿಸಿಕೊಟ್ಟ ಬು ನಾರ್ತಿ ಟೈಪ್ ಮಾಡಿ ಅಂಟಿಸಿಹೋದ ಚೀಟಿಯನ್ನು ಬಾಯಿಪಾಠ ಬರುತ್ತಿದ್ದರೂ ಓದಿದ. ಒಂದು, ಮೂರು ಗುಂಡಿ ಒಟ್ಟಿಗೆ. ಎರಡು, ಎಡಗಡೆಯ ಮೊದಲನೆಯ ಪಟ್ಟಿ. ಮೂರು, ಕೆಟ್ಟು ಕೂತ ಪ್ರೋಗ್ರಾಮಿನ ಹೆಸರು. ನಾಲ್ಕು, ಕೆಳಗಿನ ಗುಂಡಿ, ‘ಕೆಲಸ ಮುಗಿಸು’. ಒಂದು ಆಗಿತ್ತು. ಎರಡಕ್ಕೆ ಪಟ್ಟಿಯೇ ಇರಲಿಲ್ಲ. ಏಣಿಯ ಎರಡನೆಯ ಮೆಟ್ಟಿಲನ್ನು ಯಾರೋ ಕಿತ್ತುಕೊಂಡು ಹೋದಂತೆ, ಐವತ್ತಾರು ವರ್ಷದ ಅವನು ಒಂದು ಕಾಲೆತ್ತಿ ನಿಂತಿದ್ದ.

ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ. ಹಾಡು ನುಡಿಸುವ ಪ್ರೋಗ್ರಾಮು ಒಂಬತ್ತು ಐವತ್ತೊಂದಕ್ಕೆ ನಿಂತಿತ್ತು. ಹಾಡುವವಳ ದನಿ ಒಂದು ಅಕ್ಷರಕ್ಕೆ ಸಿಕ್ಕಿಕೊಂಡು ನಾಲ್ಕೈದು ಸಲ ತೊದಲಿತು, ಆಮೇಲೆ ಮೌನ. ಸೋಲೊ ಪಟ್ಟಣದ ಆ ಸಣ್ಣ ರೇಡಿಯೊದಲ್ಲಿ ಮೌನ ಹದಿನೇಳು ಸೆಕೆಂಡು ಪ್ರಸಾರವಾಯಿತು. ಇಪ್ಪತ್ತೆರಡು ವರ್ಷ ಮೈಕಿನ ಮುಂದೆ ಕೂತವನಿಗೆ ಸೆಕೆಂಡುಗಳನ್ನು ಎಣಿಸಬೇಕಾಗಿರಲಿಲ್ಲ. ಮೂಲೆಯಲ್ಲಿ ಧೂಳು ಹಿಡಿದ ಕ್ಯಾಸೆಟ್ ಯಂತ್ರವನ್ನು ಬಿಸಾಡಬೇಡಿ ಎಂದು ಯಾರು ಯಾವಾಗ ಹೇಳಿದ್ದರೋ, ಅವರಿಗೆ ಪುಣ್ಯ ಬರಲಿ ಎಂದುಕೊಂಡು, ಗಾಮೆಲಾನ್ ವಾದ್ಯಮೇಳದ ಕ್ಯಾಸೆಟ್ಟೊಂದನ್ನು ಅದಕ್ಕೆ ತುರುಕಿ ಮಿಕ್ಸರಿನ ಗುಂಡಿಯನ್ನು ಮೇಲೆತ್ತಿದ್ದ. ಕೇಳುವವರ ಮಟ್ಟಿಗೆ ಈಗ ಏನೂ ಆಗಿಲ್ಲ. ಒಂದು ಬದಿಗೆ ಮುಕ್ಕಾಲು ಗಂಟೆ, ಎರಡು ಬದಿಗೆ ಒಂದೂವರೆ ಗಂಟೆ. ಹನ್ನೊಂದಕ್ಕೆ ಸಾವಿನ ಸುದ್ದಿ ಓದಬೇಕು. ಸುದ್ದಿ ಈ ಯಂತ್ರದೊಳಗಿದೆ, ಬಿಳಿಯ ದುಪ್ಪಟಿಯಂತೆ ಪರದೆಯನ್ನೆಲ್ಲ ಮುಚ್ಚಿಕೊಂಡು ಬಿದ್ದಿರುವ ಹಾಡಿನ ಪ್ರೋಗ್ರಾಮಿನ ಅಡಿಯಲ್ಲಿ. ಅವನು ಅದನ್ನು ಉಳಿಸಿರಲಿಲ್ಲ. ಕರೆಂಟು ತೆಗೆದರೆ ಬಿಳಿಯದೂ ಹೋಗುತ್ತದೆ, ಅದರಡಿಯ ಸುದ್ದಿಯೂ ಹೋಗುತ್ತದೆ. ಹಾಡಿನ ಪ್ರೋಗ್ರಾಮೊಂದನ್ನೇ ಆರಿಸಿ ಮುಗಿಸಬೇಕು. ಆರಿಸುವ ಜಾಗ ಈ ಕಿಟಕಿಯಲ್ಲೇ ಇತ್ತು.

ಆ ಸುದ್ದಿ ತಂದವಳ ಕಾಲಿನ ಮೇಲೆ ಮೇಣದ ಹನಿಗಳಿದ್ದವು. ಬಟ್ಟೆಯ ಮೇಲೆ ಮೇಣದಲ್ಲಿ ಚಿತ್ತಾರ ಬರೆದು ಬಣ್ಣ ಹಾಕುವ ಬಾತಿಕ್ ಕಾರ್ಖಾನೆಯ ಹೆಂಗಸರಿಗೆಲ್ಲ ಇರುತ್ತವೆ. ಒಂಬತ್ತೂಕಾಲಿಗೆ ಬಂದಿದ್ದಳು, ಸುಪಾರ್ಮಿ ಎಂದು ಹೆಸರು, ಸೆಮಂಗ್ಗಿ ಕೇರಿಯವಳು. ಅಪ್ಪ ಬೆಳಗಿನ ಜಾವ ನಾಲ್ಕು ನಲವತ್ತಕ್ಕೆ ತೀರಿಕೊಂಡಿದ್ದ. ಕಾಗದವಿಲ್ಲದೆ, ನಿಂತೇ, ಒಂದೊಂದೇ ಹೇಳಿದಳು. ಪ್ರವಿತೊ ಎರಡು ಬೆರಳುಗಳಿಂದ ಬಡಿದುಕೊಂಡ. ಮೂರು ತಿಂಗಳ ಹಿಂದಾದರೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ನೇರವಾಗಿ ಯಂತ್ರಕ್ಕೇ ಬರೆದುಕೊಳ್ಳುವುದು ಹೊಸ ಜಂಬ. ಅವಳ ಬಾಯಿಂದ ಬಂದದ್ದು ಅವನ ಕಿವಿಗೆ ಹೋಗಿ ಬೆರಳಿಗೆ ಇಳಿಯಿತೇ ಹೊರತು ತಲೆಯಲ್ಲಿ ನಿಲ್ಲಲಿಲ್ಲ. ಅಕ್ಷರ ಎಲ್ಲಿದೆಯೆಂದು ಹುಡುಕುವ ಕಣ್ಣಿಗೆ ಅಳುತ್ತ ನಿಂತ ಹೆಂಗಸು ಕಾಣುವುದಿಲ್ಲ. “ನಮ್ಮ ಸೋದರತ್ತೆ ಒಬ್ರಿದಾರೆ ಪಾಕ್, ವೊನೊಗಿರಿಯಿಂದಾಚೆ ಬೆಟ್ಟದ ಮೇಲೆ,” ಎಂದಿದ್ದಳು, ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವ ಊರಿನ ಮರ್ಯಾದೆಯಲ್ಲಿ. “ಅಪ್ಪನಿಗಿಂತ ದೊಡ್ಡೋರು. ಫೋನಿಲ್ಲ, ಏನಿಲ್ಲ, ನಿಮ್ಮ ರೇಡಿಯೊ ಒಂದೇ. ಹನ್ನೊಂದರ ಸುದ್ದಿ ತಪ್ಪಿಸಲ್ಲ. ಅಲ್ಲಿಂದ ಕೆಳಗಿಳಿಯೋ ಬಸ್ಸು ಹನ್ನೊಂದೂವರೆಗೆ. ಅದು ಬಿಟ್ರೆ ಮೂರು ಗಂಟೆಗೇ. ಇಲ್ಲಿ ಒಂದು ಗಂಟೆಗೆ ಎತ್ತಿಬಿಡ್ತಾರೆ.” ಆಮೇಲೆ ಮೇಜಿನ ಮೇಲೆ ಬೆರಳೂರಿ ಹೇಳಿದ್ದಳು: “ಅಪ್ಪನ ದೊಡ್ಡ ಹೆಸರು ಓದಿದ್ರೆ ಅವ್ರು ಯಾರೋ ಅಂದ್ಕೊಂಡು ಸುಮ್ನಾಗ್ತಾರೆ. ಅವ್ರಿಗೆ ಅಪ್ಪ ಅಂದ್ರೆ ಸಣ್ಣ ಹೆಸರೇ. ಸಣ್ಣ ಹೆಸರು ಮರೀಬೇಡಿ, ಪಾಕ್.”

“ಇಂಗಿಹ್,” ಎಂದಿದ್ದ ಪ್ರವಿತೊ, ಜಾವಾದವರು ವಿನಯದಿಂದ ಹೂಂಗುಟ್ಟುವ ಹಾಗೆ.

ದೊಡ್ಡ ಹೆಸರು ನೆನಪಿದೆ: ಹಾದಿಸುಮಾರ್ತೊ. ಆ ಕಾಲದ ಗಂಡಸರಿಗೆ ಮದುವೆಯ ದಿನ ಇಂಥದೊಂದು ಹೆಸರು ಸಿಗುತ್ತಿತ್ತು, ಮದುವೆಯ ಅಂಗಿಯ ಹಾಗೆ. ಅದರ ಅಡಿಯಲ್ಲಿ ಹುಟ್ಟಿದ ಹೆಸರು ಹಾಗೇ ಇರುತ್ತಿತ್ತು, ಹುಟ್ಟಿದೂರಿನವರು ಅದನ್ನೇ ಕೂಗುತ್ತಿದ್ದರು. ಹಾದಿಸುಮಾರ್ತೊ ಎಂಬವರು ಈ ಪಟ್ಟಣದಲ್ಲಿ ಹತ್ತು ಜನ ಇದ್ದಾರು. ಕಳೆದ ವರ್ಷವೇ ಅವನು ಇಬ್ಬರನ್ನು ಓದಿದ್ದ. ಸಣ್ಣ ಹೆಸರು? ಹುಟ್ಟಿದ ಸಂತೆಯ ವಾರದ ಮೇಲೆ ಇಟ್ಟದ್ದು, ಅಷ್ಟು ಖಚಿತ. ಸಂತೆಯ ವಾರಗಳು ಐದು: ಲೆಗಿ, ಪಾಹಿಂಗ್, ಪೋನ್, ವಾಗೆ, ಕ್ಲಿವೋನ್. ಲೆಗಿರಾನ್, ಪಾಯಿರಾನ್, ಪೋನಿರಾನ್, ವಾಗಿರಾನ್. ಬಾಯಲ್ಲಿ ಒಂದೊಂದನ್ನೇ ಹೊರಳಿಸಿ ನೋಡಿದ. ವಾಗಿರಾನ್ ಎನ್ನುವಾಗ ಬೆರಳಿಗೆ ಏನೋ ನೆನಪಾಯಿತು. ಈ ಹೆಸರನ್ನು ಇವತ್ತು ಬೆಳಿಗ್ಗೆ ಈ ಬೆರಳುಗಳು ಬಡಿದಿವೆ. ಹೌದು, ವಾಗಿರಾನ್. ಸುಮಾರಾಗಿ ಖಚಿತ. ಸುಮಾರಾಗಿ ಖಚಿತವಾದ ಹೆಸರನ್ನು ಸತ್ತವರಿಗೆ ಇಡಬಹುದೆ? ಮನೆಗೇ ಹೋಗಿ ಕೇಳಿ ಬರೋಣವೆಂದರೆ ಸೆಮಂಗ್ಗಿ ದೊಡ್ಡ ಕೇರಿ, ಓಣಿಯ ನಂಬರು ಇದೇ ಬಿಳಿಯ ದುಪ್ಪಟಿಯ ಕೆಳಗಿದೆ. ಹುಡುಕಿ ಬರುವಷ್ಟರಲ್ಲಿ ಹನ್ನೊಂದು ದಾಟಿ, ಬೆಟ್ಟದ ಮೇಲಿನ ಮುದುಕಿ ರೇಡಿಯೊ ಆರಿಸಿ ಒಲೆಯ ಮುಂದೆ ಕೂತಿರುತ್ತಾಳೆ.

ಮತ್ತು ಕಿಟಕಿಯನ್ನು ಹೀಗೆ ಮಾಡಿದವನು ಅವನೇ. ನಿನ್ನೆ ಊಟವಾದ ಮೇಲೆ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದಾಗ, ಈ ಗೆರೆಯನ್ನು ನೋಡುತ್ತ ಕೂತಿದ್ದ. ಕಲಿತ ದಿನದಿಂದ ಅದೊಂದು ಚಟವಾಗಿತ್ತು. ಯಂತ್ರಕ್ಕೆ ಕೆಲಸ ಹೆಚ್ಚಾದರೆ ಗೆರೆ ಏರುತ್ತದೆ, ಸುಮ್ಮನಿದ್ದರೆ ಮಲಗುತ್ತದೆ ಎಂದು ಬು ನಾರ್ತಿ ಹೇಳಿದ್ದಳು. ಬೇರೊಬ್ಬರ ದಣಿವನ್ನು ಕದ್ದು ನೋಡುವಂಥ ಸುಖ ಅದರಲ್ಲಿತ್ತು. ಪಂಜರದ ಹಕ್ಕಿಯನ್ನು ಮಾತಾಡಿಸುವವರು ಪಂಜರದ ಕಂಬಿಯನ್ನು ತಟ್ಟುವುದಿಲ್ಲವೆ, ಹಾಗೆ ಬಾಣದ ಗುರುತನ್ನು ಅಂಚಿಗೆ ಒಯ್ದು ಟಪಟಪ ತಟ್ಟಿದ್ದ. ಪಟ್ಟಿಗಳು, ಪದಗಳು, ಹಣೆಪಟ್ಟಿ ಎಲ್ಲ ಒಂದೇ ಏಟಿಗೆ ಉದುರಿಹೋದವು. ಯಾರಾದರೂ ನೋಡಿದರೆ ಎಂದು ಬಾಗಿಲ ಕಡೆ ತಿರುಗಿದ. ಆಮೇಲೆ ಯಂತ್ರವನ್ನೇ ಆರಿಸಿ, ಬೇರೆಯವರ ಮನೆಯಲ್ಲಿ ಲೋಟ ಒಡೆದು ಚೂರುಗಳನ್ನು ಚಾಪೆಯಡಿಗೆ ತಳ್ಳಿದವನಂತೆ, ಮನೆಗೆ ಹೋಗಿಬಿಟ್ಟ. ಬೆಳಿಗ್ಗೆ ತಾನಾಗಿ ಸರಿಹೋಗಿರುತ್ತದೆ ಎಂದು ನಂಬಿದ್ದ. ಯಂತ್ರಕ್ಕೆ ಮರೆವು ಇಲ್ಲವೆಂದು ಅವನಿಗೆ ತಿಳಿದಿರಲಿಲ್ಲ.

“ಏನು, ಕ್ಯಾಸೆಟ್ಟು ಹಾಕಿದೀರಿ?”

ಬಿಂತೋರೊ ಬಾಗಿಲಲ್ಲಿ ನಿಂತಿದ್ದ. ಕೇಂದ್ರದ ಮಾಲೀಕರ ಅಳಿಯ, ಮೂವತ್ತೆಂಟು ವರ್ಷ, ಕಟ್ಟಡದಲ್ಲಿ ಮೊಬೈಲು ಇದ್ದದ್ದು ಅವನೊಬ್ಬನ ಕೈಯಲ್ಲಿ. ಈ ಕಂಪ್ಯೂಟರು ತಂದವನೂ ಅವನೇ.

“ಸ್ವಲ್ಪ ಹೊತ್ತು ಅಷ್ಟೇ, ಪಾಕ್.”

“ಹ್ಯಾಂಗ್ ಆಗಿದೆಯಾ? ಹನ್ನೊಂದೂಕಾಲಿಗೆ ಜಾಹೀರಾತು ಹೋಗ್ಬೇಕು. ನೀವೇನಾದ್ರೂ ಮುಟ್ಟಿದ್ರಾ?”

“ಇಲ್ಲ, ಪಾಕ್.”

ಸುಳ್ಳು ಎಷ್ಟು ನಯವಾಗಿ ಬಂತೆಂದರೆ ಅವನಿಗೇ ತನ್ನ ಮೈಕಿನ ದನಿ ಕೇಳಿದಂತಾಯಿತು. ಬಿಂತೋರೊ ಬಗ್ಗಿ ಪರದೆಯನ್ನು ನೋಡಿ ನಕ್ಕ. “ಇದೇನಿದು, ಬೋಳುತಲೆ ಕಿಟಕಿ? ಬಿಡಿ, ಪ್ಲಗ್ ಕಿತ್ತು ಮತ್ತೆ ಚುಚ್ಚಿ. ಎಲ್ಲ ರೋಗಕ್ಕೂ ಅದೇ ಔಷಧಿ.”

“ಒಳಗೆ ಒಂದು ಸಾವಿನ ಸುದ್ದಿ ಇದೆ...”

“ನೆನಪಿರೋದನ್ನ ಓದಿ. ಸತ್ತೋರು ಬಂದು ತಪ್ಪು ಅಂತಾರಾ? ಕಿತ್ತು ಚುಚ್ಚಿ, ಪಾಕ್.”

“ಇಂಗಿಹ್.”

ಬಿಂತೋರೊ ತೃಪ್ತನಾಗಿ ಹೋದ. ಪ್ರವಿತೊ ಮೇಜಿನಡಿ ಬಗ್ಗಿ, ಪ್ಲಗ್ಗಿನ ಮೇಲೆ ಕೈಯಿಟ್ಟು, ಅಲ್ಲೇ ಕೂತ. ಕಿತ್ತರೆ ತಾನು ಮಾಡಿದ್ದೂ ಮುಚ್ಚಿಹೋಗುತ್ತದೆ. ಯಾರೂ ಕೇಳುವುದಿಲ್ಲ. ಪ್ಲಗ್ಗು ಬೆಚ್ಚಗಿತ್ತು. ಅವನು ಕೈ ತೆಗೆದ. ಈ ಪಟ್ಟಣದವರು ಇಂಗಿಹ್ ಎಂದರೆ ಏನೆಂದು ಮೂರು ತಿಂಗಳ ಹಿಂದೆ ಬು ನಾರ್ತಿ ಇದೇ ಕುರ್ಚಿಯ ಪಕ್ಕದಲ್ಲಿ ಕೇಳಿದ್ದಳು. ಅವಳು ಸುರಬಾಯದವಳು, ಸಮುದ್ರದ ಕಡೆಯವರಿಗೆ ಮಾತು ಸುತ್ತಿ ಆಡಲು ಬರುವುದಿಲ್ಲ. ಸರ್ಕಾರಿ ವಾಣಿಜ್ಯ ಶಾಲೆಯಲ್ಲಿ ಇಪ್ಪತ್ತೈದು ವರ್ಷ ಟೈಪಿಂಗ್ ಕಲಿಸಿ, ಈಗ ರಸ್ತೆಯಾಚೆ ಆರು ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದಳು. “ಮೂರು ಸಾಲಿಗೊಂದು ಸಲ ಉಳಿಸಿ ಅಂದೆ. ತಿಳೀತಾ?” “ಇಂಗಿಹ್, ಬು.” “ಈ ಕಿಟಕಿ ಯಾಕೆ ಅಂತ ತಿಳೀತಾ?” “ಇಂಗಿಹ್, ಬು.” “ಅಲ್ಲಾ ಪಾಕ್, ನಿಮ್ಮೂರಲ್ಲಿ ಇಂಗಿಹ್ ಅಂದ್ರೆ ಹೌದು ಅಂತಾನೋ, ಕೇಳಿಸ್ತು ಅಂತಾನೋ, ಇನ್ನು ಎದ್ದು ಹೋಗು ತಾಯಿ ಅಂತಾನೋ?” “ಇಂಗಿಹ್, ಬು.” ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವನೂ ನಕ್ಕಿದ್ದ, ಏನೊಂದೂ ತಿಳಿಯದೆ. ತಿಳಿಯಲಿಲ್ಲ ಎಂದರೆ ಕಲಿಸುವವಳ ಕಲಿಸುವಿಕೆಗೆ ಅವಮಾನ ಮಾಡಿದಂತೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ನಿಜವೆಂದರೆ ಅವಮಾನದ ಭಯ ತನ್ನದೇ ಆಗಿತ್ತು. ಆ ಮಾತು ಅವನನ್ನು ಈ ಹಳ್ಳಕ್ಕೆ ಇಳಿಸಿತ್ತು, ಸರಿ. ಆದರೆ ಈಗ ಬಿಂತೋರೊನಿಗೆ ಹೇಳಿದ್ದೂ ಅದನ್ನೇ, ಹೇಳಿ ಪ್ಲಗ್ ಕೀಳದೆ ಕೂತಿದ್ದ. ಬೇರೆ ಯಾವ ಭಾಷೆಯಲ್ಲಾದರೂ ಅವನು ಮಾಲೀಕರ ಅಳಿಯನಿಗೆ ಆಗುವುದಿಲ್ಲ ಎನ್ನಬೇಕಾಗುತ್ತಿತ್ತು, ಅದು ಅವನಿಂದ ಆಗುತ್ತಿರಲಿಲ್ಲ, ಸುದ್ದಿ ಇಷ್ಟು ಹೊತ್ತಿಗೆ ಅಳಿಸಿಹೋಗಿರುತ್ತಿತ್ತು. ಹುಟ್ಟಿದ ಭಾಷೆಗೆ ಅವನು ಮನಸ್ಸಿನಲ್ಲೇ ಕೈಮುಗಿದ.

ಹತ್ತು ಇಪ್ಪತ್ತೈದಕ್ಕೆ ಕ್ಯಾಸೆಟ್ಟು ಮಗುಚಿ ಹಾಕಿ, ಇಪ್ಪತ್ತೆರಡು ಮೆಟ್ಟಿಲಿಳಿದು, ರಸ್ತೆ ದಾಟಿದ. ಅಂಗಡಿಯಲ್ಲಿ ನಾಲ್ವರು ವಿದ್ಯಾರ್ಥಿಗಳು ಪ್ರಬಂಧ ಟೈಪ್ ಮಾಡುತ್ತಿದ್ದರು. ಬು ನಾರ್ತಿ ಬಾಳೆಲೆಯ ಪೊಟ್ಟಣ ಬಿಚ್ಚಿ, ಕಡಲೆಕಾಯಿ ಚಟ್ನಿ ಸುರಿದ ಸೊಪ್ಪು ಅನ್ನ ಉಣ್ಣುತ್ತಿದ್ದಳು.

“ಊಟ ನಡೀತಿದೆ, ಬು?”

“ಕಾಣ್ತಿದೆಯಲ್ಲ.”

“ಬಿಸಿಲು ಜೋರು ಇವತ್ತು.”

“ಜೋರು.”

“ಮಂಡಿನೋವು ಹೇಗಿದೆ?”

ಬು ನಾರ್ತಿ ಚಮಚ ಕೆಳಗಿಟ್ಟಳು. “ಪಾಕ್ ಪ್ರವಿತೊ, ಹನ್ನೊಂದಕ್ಕೆ ಸುದ್ದಿ ಓದೋ ಮನುಷ್ಯ ಹತ್ತೂವರೆಗೆ ನನ್ನ ಮಂಡಿ ವಿಚಾರಿಸೋಕೆ ಬರಲ್ಲ. ಮಾತು ಸುತ್ತಬೇಡಿ. ಏನು ಒಡೆದು ಹಾಕಿದ್ರಿ?”

ಅವನ ಬಾಯಲ್ಲಿ ಎರಡು ಮೂರು ವಾಕ್ಯ ತಯಾರಾಗಿದ್ದವು: ಯಂತ್ರ ಹಳೆಯದಾಗಿರಬಹುದು, ಕರೆಂಟು ಏರುಪೇರಾಗಿರಬಹುದು, ಯಾರಾದರೂ ಮುಟ್ಟಿರಬಹುದು. ವಿದ್ಯಾರ್ಥಿಗಳ ಟೈಪಿಂಗ್ ಸದ್ದು ನಿಂತಿತ್ತು. ಅವರ ತಾಯಂದಿರಿಗೆ ಅವನ ದನಿ ಗೊತ್ತು. ಮಾತು ಹೇಗಿರಬೇಕೆಂದರೆ ಪ್ರವಿತೊನ ಹಾಗೆ ಎಂದು ಹೇಳುವವರೂ ಇದ್ದರು. ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ನಿಲ್ಲಿಸಿದ. ದಿನಾಂಕದ ಕೆಳಗೆ ಸಣ್ಣ ಅಕ್ಷರದಲ್ಲಿ ಸಂತೆಯ ವಾರಗಳು.

“ನನಗೆ ತಿಳೀಲಿಲ್ಲ, ಬು. ಆವತ್ತು ನೀವು ಹೇಳಿಕೊಟ್ರಲ್ಲ, ಆವತ್ತೇ ತಿಳಿದಿರಲಿಲ್ಲ. ತಿಳೀತು ಅಂದೆ. ನಿನ್ನೆ ಕಿಟಕೀನ ನಾನೇ ಕೆಡಿಸಿದೆ. ಪಾಕ್ ಬಿಂತೋರೊಗೆ ನಾನಲ್ಲ ಅಂದೆ. ಸಾವಿನ ಸುದ್ದಿ ಒಳಗೆ ಸಿಕ್ಕಿಕೊಂಡಿದೆ.”

ನಗು ಬರಲೆಂದು ಕಾದ; ನಗುವಿಗೆ ಅವನು ತಯಾರಾಗಿದ್ದ. ಬು ನಾರ್ತಿ ನಗಲಿಲ್ಲ. ಬಾಳೆಲೆ ಮಡಚಿ, ಮೇಲೆ ತಟ್ಟೆ ಕವುಚಿ, ಕೈ ತೊಳೆದುಕೊಂಡಳು.

“ಇಪ್ಪತ್ತೈದು ವರ್ಷ ಈ ಊರಲ್ಲಿ ಪಾಠ ಹೇಳಿದೀನಿ, ಪಾಕ್. ತಿಳೀಲಿಲ್ಲ ಅಂದವರು ನೀವೇ ಮೊದಲು. ನಾನು ಕೆಟ್ಟ ಮೇಷ್ಟ್ರೋ ಒಳ್ಳೆ ಮೇಷ್ಟ್ರೋ ಅಂತ ನನಗೇ ಗೊತ್ತಾಗಿರ್ಲಿಲ್ಲ.” ಚಪ್ಪಲಿ ಮೆಟ್ಟುತ್ತ ವಿದ್ಯಾರ್ಥಿಗಳ ಕಡೆ ತಿರುಗಿದಳು. “ಏನ್ರೋ ಕೇಳ್ಕೊಂಡು ಕೂತಿದೀರಿ? ಮೂರು ಸಾಲಿಗೊಂದು ಸಲ ಉಳಿಸಿ!”

ಮೆಟ್ಟಿಲು ಹತ್ತಲು ಅವಳಿಗೆ ನಾಲ್ಕು ನಿಮಿಷ ಹಿಡಿಯಿತು. ಅವನು ಹಿಂದೆ ಹಿಂದೆ, ಬಿದ್ದರೆ ಹಿಡಿಯುವವನಂತೆ ಕೈ ಚಾಚಿಕೊಂಡು, ಮುಟ್ಟದೆ ಹತ್ತಿದ. ಎಂಟನೆಯ ಮೆಟ್ಟಿಲಲ್ಲಿ ಒಮ್ಮೆ, ಹದಿನೈದನೆಯದರಲ್ಲಿ ಒಮ್ಮೆ ನಿಂತು ಉಸಿರು ಬಿಟ್ಟಳು. ಹತ್ತು ನಲವತ್ತೊಂದು. ಕುರ್ಚಿಯಲ್ಲಿ ಕೂತು ಬೋಳು ಕಿಟಕಿಯನ್ನು ನೋಡಿ, ಆಗ ನಕ್ಕಳು. ಅದು ಅವನ ಮೇಲಿನ ನಗುವಲ್ಲ. ಕಳೆದುಹೋದ ಮಗು ಪಕ್ಕದ ಮನೆಯಲ್ಲೇ ಆಡಿಕೊಂಡಿದ್ದುದು ಕಂಡಾಗ ಬರುವಂಥದು.

“ಏನೂ ಒಡೆದಿಲ್ಲ, ಪಾಕ್. ಇದು ಕೆಟ್ಟಿಲ್ಲ. ಜಾಗ ಕಮ್ಮಿ ಇರಲಿ ಅಂತ ಪೇಟ, ಅಂಗಿ ಎಲ್ಲ ಕಳಚಿಟ್ಟು ಕೂರೋದು ಇದಕ್ಕೆ ಗೊತ್ತು. ಹಾಗೆ ಮಾಡೋಕೇ ಇಟ್ಟಿದಾರೆ. ನೀವು ಅಂಚಿನ ಮೇಲೆ ಎರಡು ಸಲ ತಟ್ಟಿದ್ರಿ, ಕಳಚಿಟ್ಟಿತು. ಮತ್ತೆರಡು ಸಲ ತಟ್ಟಿ, ಹಾಕ್ಕೊಳ್ಳತ್ತೆ.”

“ಎಲ್ಲಿ ತಟ್ಟಿದ್ದೆನೋ ಅಲ್ಲೇ?”

“ಅಲ್ಲೇ. ಕೆಡಿಸಿದ ಜಾಗದಲ್ಲೇ.” ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. “ನಾನಲ್ಲ. ನೀವು.”

ಬಾಣವನ್ನು ಬೂದು ಅಂಚಿಗೆ ಒಯ್ದ. ಅಂಚು ಅಕ್ಕಿಕಾಳಿನ ಅಗಲವೂ ಇರಲಿಲ್ಲ. ಮೊದಲ ಏಟಿಗೂ ಎರಡನೆಯ ಏಟಿಗೂ ನಡುವೆ ಬಹಳ ಹೊತ್ತಾಯಿತು. ಏನೂ ಆಗಲಿಲ್ಲ. “ಬಾಗಿಲು ತಟ್ಟೋ ಹಾಗಲ್ಲ, ಪಾಕ್. ಒಳಗಿರೋರು ಏಳ್ತಾರೋ ಇಲ್ವೋ ಅಂತ ಯೋಚಿಸ್ತಾ ತಟ್ಟಬಾರ್ದು.” ಎರಡನೆಯ ಸಲ ಬಾಣ ಜಾರಿ ಕಪ್ಪು ಚೌಕದಿಂದ ಹೊರಗೆ ಬಿಳಿಯದರ ಮೇಲೆ ಬಿತ್ತು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೂರನೆಯ ಸಲ ಕಣ್ಣು ಮಿಟುಕಿಸಿದಷ್ಟು ಬೇಗ ಟಪಟಪ ಎಂದಿತು; ಅದು ತನ್ನ ಬೆರಳೆಂದೇ ಅನಿಸಲಿಲ್ಲ. ನೀಲಿಯ ಹಣೆಪಟ್ಟಿ ಬಂತು. ಕೆಂಪು ಗುರುತು ಬಂತು, ಪದಗಳ ಸಾಲು ಬಂತು, ನಾಲ್ಕು ಪಟ್ಟಿಗಳು ಬಂದವು. ಒಂದರ ಹಿಂದೊಂದಲ್ಲ, ಎಲ್ಲ ಒಮ್ಮೆಗೇ, ಎಲ್ಲಿಗೂ ಹೋಗಿರಲಿಲ್ಲವೆಂಬಂತೆ. ಯಾವ ದೂರೂ ಇಲ್ಲ, ಎಲ್ಲಿದ್ದೆ ನಿನ್ನೆಯಿಂದ ಎಂಬ ಪ್ರಶ್ನೆಯೂ ಇಲ್ಲ. ಇಂಥದಕ್ಕೆ ಕಣ್ಣೀರು ಬರುವುದು ನಗೆಪಾಟಲೆಂದು ತಿಳಿದು ಕೆಮ್ಮಿದ.

“ಇನ್ನೂ ಮುಗಿದಿಲ್ಲ,” ಎಂದಳು ಬು ನಾರ್ತಿ. “ಎರಡನೇ ಹೆಜ್ಜೆ.”

ಎಡಗಡೆಯ ಮೊದಲ ಪಟ್ಟಿ. ಎ‌ರಡು ಹೆಸರುಗಳು ಕಂಡವು. ಹಾಡಿನ ಪ್ರೋಗ್ರಾಮು, ಅದರ ಮುಂದೆ ‘ಉತ್ತರ ಕೊಡುತ್ತಿಲ್ಲ’. ಅದರ ಕೆಳಗೆ ಅವನ ಬರಹ, ಅದರ ಮುಂದೆ ‘ನಡೆಯುತ್ತಿದೆ’. ಅಷ್ಟು ಹೊತ್ತೂ, ದುಪ್ಪಟಿಯ ಅಡಿಯಲ್ಲಿ, ನಡೆಯುತ್ತಲೇ ಇತ್ತು. ಮೇಲಿನದನ್ನು ಒತ್ತಿದ. ಅದೇ ಮೇಲಿನದೇ ಎಂದು ಎರಡು ಸಲ ಓದಿದ. ಕೆಳಗಿನ ಗುಂಡಿಯನ್ನು ಒತ್ತುವ ಮುಂಚೆ ಅವಳ ಮುಖ ನೋಡಿದ. ಅವಳು ಗೋಡೆ ನೋಡುತ್ತ ನಿಂತಿದ್ದಳು. ಒತ್ತಿದ. ನಿಜವಾಗಿಯೂ ಮುಗಿಸಬೇಕೆ ಎಂದು ಯಂತ್ರ ಇನ್ನೊಮ್ಮೆ ಕೇಳಿತು.

“ಇದೇನು ಕೇಳ್ತಿದೆ, ಬು? ನನಗೆ ತಿಳೀಲಿಲ್ಲ.”

“ನೋಡಿ, ಎರಡನೇ ಸಲ ಎಷ್ಟು ಸಲೀಸಾಗಿ ಬಂತು ಬಾಯಲ್ಲಿ. ಹೌದು ಅನ್ನಿ ಅದಕ್ಕೆ.”

ಬಿಳಿಯದು ಸರ್ರನೆ ಜಾರಿತು. ಕೆಳಗೆ ಅವನ ಅಕ್ಷರಗಳಿದ್ದವು. “ಉಳಿಸಿ ಮೊದಲು,” ಎಂದು ಅವಳು ಹೇಳುವಷ್ಟರಲ್ಲಿ ಅವನೇ ಉಳಿಸಿದ್ದ. ಆಮೇಲೆ ಓದಿದ. ಹಾದಿಸುಮಾರ್ತೊ, ಎಪ್ಪತ್ತೊಂದು ವರ್ಷ, ಸಣ್ಣ ಹೆಸರು ಪೋನಿರಾನ್. ಅದರ ಕೆಳಗೆ, ದುಃಖದಲ್ಲಿರುವವರ ಸಾಲಿನಲ್ಲಿ, ಹೆಂಡತಿಯ ಮತ್ತು ಮೂವರು ಮಕ್ಕಳ ಹೆಸರಾದ ಮೇಲೆ: ಅಕ್ಕ ಸಾಕಿನೆಮ್, ವೊನೊಗಿರಿ. ತಮ್ಮ ವಾಗಿರಾನ್, ಸ್ರಾಗೆನ್.

ವಾಗಿರಾನ್ ತಮ್ಮ. ಬದುಕಿದ್ದಾನೆ. ಬೆರಳಿಗೆ ನೆನಪಿದ್ದುದು ಆ ವಾಗಿರಾನ್. ಬಿಂತೋರೊ ಹೇಳಿದಂತೆ ನೆನಪಿದ್ದುದನ್ನು ಓದಿದ್ದರೆ, ಬೆಟ್ಟದ ಮೇಲೆ ಮುದುಕಿಯೊಬ್ಬಳು ಬದುಕಿರುವ ತಮ್ಮನಿಗಾಗಿ ಎದೆ ಬಡಿದುಕೊಂಡು, ಸತ್ತ ತಮ್ಮನಿಗೆ ಬಾರದೆ, ತಪ್ಪು ಊರಿನ ಬಸ್ಸು ಹತ್ತುತ್ತಿದ್ದಳು. ಪ್ರವಿತೊ ಕ್ಯಾಸೆಟ್ಟಿನ ಪೆಟ್ಟಿಗೆಯ ಒಳಹಾಳೆ ತೆಗೆದು, ಅದರ ಹಿಂಬದಿಗೆ ಪೆನ್ಸಿಲಿನಿಂದ ಪೋನಿರಾನ್ ಎಂದು ದೊಡ್ಡದಾಗಿ ಬರೆದು, ಕೆಳಗೆ ಓಣಿಯ ನಂಬರನ್ನೂ ಬರೆದುಕೊಂಡ. ಗಂಟೆ ಹತ್ತು ಐವತ್ತೆರಡು.

“ಯಾರ ಪುಣ್ಯವೋ, ಬು,” ಎಂದ.

“ಪುಣ್ಯ ಅಲ್ಲ, ಅಂಚು,” ಎಂದಳು ಬು ನಾರ್ತಿ. ಆದರೆ ಹೋಗಲಿಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತು ಸೆರಗಿನಂಥ ಉದ್ದನೆಯ ಕೊರಳವಸ್ತ್ರದಿಂದ ಗಾಳಿ ಬೀಸಿಕೊಂಡಳು.

ಹನ್ನೊಂದಕ್ಕೆ ಅವನು ಓದಿದ. ಸಾವಿನ ಸುದ್ದಿಗೆ ಬೇರೆಯದೇ ಭಾಷೆಯಿದೆ, ಮೇಲಿನ ಅಂತಸ್ತಿನ ಜಾವಾ ನುಡಿ. ಅದರಲ್ಲಿ ಯಾರೂ ಸಾಯುವುದಿಲ್ಲ, ಹಿಂದಿರುಗುತ್ತಾರೆ. ಪ್ರತಿ ಹೆಸರನ್ನು ಎರಡು ಸಲ ಓದಬೇಕೆಂಬುದು ಕೇಂದ್ರದ ನಿಯಮ. ದೊಡ್ಡ ಹೆಸರನ್ನು ಎರಡು ಸಲ ಓದಿ, ಸಣ್ಣದನ್ನು ನಾಲ್ಕು ಸಲ ಓದಿದ. ನಾಲ್ಕನೆಯ ಸಲ, ಇಪ್ಪತ್ತೆರಡು ವರ್ಷಗಳಲ್ಲಿ ಎಂದೂ ಮಾಡದ ಹಾಗೆ, ಮೇಲಿನ ಅಂತಸ್ತಿನಿಂದ ಇಳಿದು, ಮನೆಯಲ್ಲಿ ಮಾತಾಡುವ ಹಾಗೆ ಹೇಳಿದ: “ವೊನೊಗಿರಿ ಬೆಟ್ಟದಲ್ಲಿರೋ ಅಜ್ಜಿ ಸಾಕಿನೆಮ್, ಕೇಳಿಸ್ಕೊಳ್ಳಿ. ನಿಮ್ಮ ತಮ್ಮ ಪೋನಿರಾನ್. ಒಂದು ಗಂಟೆಗೆ ಎತ್ತುತಾರೆ. ಹನ್ನೊಂದೂವರೆ ಬಸ್ಸಿಗೆ ಬನ್ನಿ.” ಕೆಂಪು ದೀಪ ಆರಿದಾಗ ಕೈಯಲ್ಲಿದ್ದ ಹಾಳೆ ಒದ್ದೆಯಾಗಿತ್ತು. ಗಾಜಿನಾಚೆ ಬಿಂತೋರೊ ನಿಂತಿದ್ದ. ಅವನ ಮುಖದಲ್ಲಿ ಏನಿತ್ತೆಂದು ಪ್ರವಿತೊ ನೋಡಲಿಲ್ಲ. ಮಾತಿನ ನಡುವೆ ಬಿರುಕು ಬಿಟ್ಟುಕೊಂಡಿದ್ದೇನೆ, ಇನ್ನು ಮೇಲೆ ಕೇಳುಗರು ನಗಬಹುದು ಎಂಬ ಯೋಚನೆ ಬಂತು. ಬಂದು, ಕೂರಲು ಜಾಗವಿಲ್ಲದೆ ಹೋಯಿತು.

ಬಿಂತೋರೊ ಒಳಗೆ ಬಂದ. “ಕಿತ್ತು ಚುಚ್ಚಿದ್ರಾ? ಸರಿಹೋಯ್ತಲ್ಲ.”

“ಕೀಳಲಿಲ್ಲ, ಪಾಕ್. ಬು ನಾರ್ತಿ ಹೇಳಿಕೊಟ್ರು. ಮತ್ತೆ, ನಿನ್ನೆ ಅದನ್ನ ಮುಟ್ಟಿದ್ದು ನಾನೇ.”

ಬಿಂತೋರೊ ಅವನನ್ನೂ ಮೂಲೆಯ ಹೆಂಗಸನ್ನೂ ನೋಡಿದ. “ನನಗೂ ಹೇಳಿಕೊಡಿ ಬು,” ಎಂದ ಕೊನೆಗೆ. “ಮನೆಯಲ್ಲಿರೋದಕ್ಕೂ ಹಾಗೇ ಆಗಿದೆ. ಎರಡು ತಿಂಗಳಾಯ್ತು. ಕಿತ್ತು ಕಿತ್ತು ಚುಚ್ಚಿದೀನಿ.”

ಹನ್ನೊಂದು ಐವತ್ತಕ್ಕೆ ಫೋನು ಬಂತು. ಬೆಟ್ಟದ ಬಸ್ ನಿಲ್ದಾಣದ ಪಕ್ಕ ಟೆಲಿಫೋನ್ ಅಂಗಡಿ ಇಟ್ಟವನು. “ರೇಡಿಯೊದೋರಾ? ಅಜ್ಜೀನ ಬಸ್ಸು ಹತ್ತಿಸಿದೀವಿ. ಓಡಿ ಬಂದ್ರು, ಕಾಲಿಗೆ ಚಪ್ಪಲಿ ಇಲ್ಲ, ನನ್ನ ಹೆಂಡ್ತೀದು ಕೊಟ್ಟು ಕಳಿಸಿದೆ. ಬಸ್ಸು ಅಲ್ಲಿ ಮುಟ್ಟೋದು ಒಂದೂಕಾಲಾಗತ್ತೆ. ಎತ್ತಬೇಡಿ ಅಂತ ಹೇಳಿ ಅಂದ್ರು. ಹೇಳ್ತೀರಲ್ಲ?”

“ನಾನೇ ಹೋಗಿ ಹೇಳ್ತೀನಿ,” ಎಂದ ಪ್ರವಿತೊ.

ಹನ್ನೆರಡಕ್ಕೆ ಅವನ ಪಾಳಿ ಮುಗಿಯುತ್ತಿತ್ತು. ಸೆಮಂಗ್ಗಿಯ ಓಣಿಯ ಬಾಯಿಗೆ ಬಾಡಿಗೆ ಕುರ್ಚಿಗಳನ್ನು ಹಾಕಿದ್ದರು. ಹಸಿರು ಬಟ್ಟೆ ಹೊದಿಸಿದ ಶವಪೆಟ್ಟಿಗೆಯ ಮೇಲೆ ಮಲ್ಲಿಗೆಯ ಸರಗಳು. ಬಂದವರಿಗೆಲ್ಲ ಸಿಹಿ ಚಹಾ. ಸುಪಾರ್ಮಿಯನ್ನು ಹುಡುಕಿ ವಿಷಯ ಹೇಳಿದ. ಅವಳು ಬಾಯಿಗೆ ಕೈಯಿಟ್ಟುಕೊಂಡು ಒಳಗೆ ಓಡಿದಳು. ಮಸೀದಿಯ ಹಿರಿಯರು ಕೈಗಡಿಯಾರ ನೋಡಿಕೊಂಡರು, ಸತ್ತವರನ್ನು ಕಾಯಿಸಬಾರದು ಎಂದರು, ಅವಳ ಮುಖ ನೋಡಿದರು, ಇನ್ನೊಂದು ಲೋಟ ಚಹಾ ಕೊಡಿ ಎಂದರು. ಪ್ರವಿತೊ ಹಿಂದಿನ ಸಾಲಿನಲ್ಲಿ ಕೂತ. ಪಕ್ಕದವನು, ಒಣಗಿದ ಮೈಯ ಮುದುಕ, ಸ್ರಾಗೆನ್‌ನಿಂದ ಬೆಳಿಗ್ಗೆಯೇ ಬಂದವನಂತೆ, ಚಹಾದ ಲೋಟವನ್ನು ಅವನ ಕಡೆ ಸರಿಸಿದ. “ನೀವು ಯಾರ ಕಡೆಯೋರು?” ಎಂದು ಕೇಳಿ, “ನಾನು ತಮ್ಮ, ವಾಗಿರಾನ್,” ಎಂದು ಕೈ ಚಾಚಿದ. ಪ್ರವಿತೊ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಬೆಚ್ಚಗಿತ್ತು, ಹೆಬ್ಬೆರಳಿನ ಬುಡದಲ್ಲಿ ನಾಡಿ ಹೊಡೆಯುತ್ತಿತ್ತು. ಸಂತಾಪ ಸೂಚಿಸಲು ಹಿಡಿಯುವುದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿದುಕೊಂಡಿದ್ದ. ಮುದುಕನಿಗೆ ಮುಜುಗರವಾಗಿರಬೇಕು, ಆದರೂ ಕೈ ಹಿಂದೆಗೆಯಲಿಲ್ಲ.

ಒಂದೂಕಾಲು ಆಯಿತು, ಒಂದೂವರೆ ಆಯಿತು. ಯಾರೋ ಎದ್ದು ಹೋದರು. ಒಂದು ನಲವತ್ತಕ್ಕೆ ಓಣಿಯ ತುದಿಯಲ್ಲಿ ಸೈಕಲ್ ರಿಕ್ಷಾ ನಿಂತಿತು. ಕುರ್ಚಿಗಳು ಕಿರುಗುಟ್ಟಿ ದಾರಿ ಬಿಟ್ಟವು. ತನ್ನದಲ್ಲದ ದೊಡ್ಡ ಚಪ್ಪಲಿಗಳನ್ನು ಎಳೆಯುತ್ತ ಅಜ್ಜಿ ಸಾಕಿನೆಮ್ ಯಾರನ್ನೂ ನೋಡದೆ ನಡೆದು ಬಂದಳು. ಅಳುತ್ತಿರಲಿಲ್ಲ. ಹಸಿರು ಬಟ್ಟೆಯ ಮೇಲೆ, ತಲೆಯಿರುವ ಕಡೆ, ಅಂಗೈಯಿಟ್ಟಳು. ಬಗ್ಗಿ, ಮಲಗಿರುವವನಿಗೆ ಮಾತ್ರ ಕೇಳಬೇಕೆಂಬಷ್ಟು ಸಣ್ಣ ದನಿಯಲ್ಲಿ, ಆದರೆ ಓಣಿಯೆಲ್ಲ ಸುಮ್ಮನಿದ್ದುದರಿಂದ ಹಿಂದಿನ ಸಾಲಿಗೂ ಕೇಳುವಂತೆ ಹೇಳಿದಳು:

“ಸಿಟ್ಟಾಗ್ಬೇಡ ಕಣೋ ಪೋನಿರಾನ್. ಬಸ್ಸು ಸೇತುವೆ ಹತ್ರ ಕೆಟ್ಟು ನಿಂತ್ಬಿಡ್ತು.”